ಅಂಗೈಯಗಲದ ಗಾಜು: ಚೀನಾದ ನಶ್ಯದ ಸೀಸೆಗಳನ್ನು ನೋಡುವ ಬಗೆ

ಚೀನಾದ ಹಳೆಯ ನಶ್ಯದ ಸೀಸೆಯೊಂದು ಕೈಗೆ ಸಿಕ್ಕರೆ ಹೆಚ್ಚಿನವರು ಮೊದಲು ಅದನ್ನು ಮಗುಚಿ ಬುಡ ನೋಡುತ್ತಾರೆ. ಅಲ್ಲಿ ನಾಲ್ಕು ಅಕ್ಷರಗಳಿದ್ದು, ಅವು ‘ಚಿಯೆನ್‌ಲಾಂಗ್ ದೊರೆಯ ಕಾಲದಲ್ಲಿ ಮಾಡಿದ್ದು’ ಎಂದು ಹೇಳಿದರೆ ಸೀಸೆ 18ನೆಯ ಶತಮಾನದ್ದೇ ಎಂದು ತೀರ್ಮಾನಿಸಿಬಿಡುತ್ತಾರೆ. ಇಡೀ ಸೀಸೆಯಲ್ಲಿ ನಂಬಿಕೆಗೆ ಅತ್ಯಂತ ಕಡಿಮೆ ಅರ್ಹವಾದ ಜಾಗವೇ ಅದು. ಹಳೆಯ ದೊರೆಯ ಹೆಸರನ್ನು ಹೊಸ ವಸ್ತುವಿನ ಮೇಲೆ ಹಾಕುವುದು ಚೀನಾದಲ್ಲಿ ಬಹುಕಾಲ ನಡೆದುಬಂದ ರೂಢಿ. ಕೆಲವೊಮ್ಮೆ ಅದು ಗೌರವಕ್ಕೆ, ಕೆಲವೊಮ್ಮೆ ವ್ಯಾಪಾರಕ್ಕೆ. ಸೀಸೆಯ ವಯಸ್ಸನ್ನೂ ಯೋಗ್ಯತೆಯನ್ನೂ ಹೇಳುವುದು ಅದರ ಮೇಲೆ ನಡೆದ ಕೆಲಸ. ಗಾಜು ಹೇಗೆ ಕರಗಿತು, ಬಣ್ಣ ಹೇಗೆ ಕೂತಿತು, ಸಾಣೆ ಎಲ್ಲಿ ಆಡಿತು, ಕುಂಚ ಹೇಗೆ ಒಳಹೊಕ್ಕಿತು ಎಂಬುದನ್ನು ತಿಳಿದುಕೊಂಡರೆ ಸೀಸೆ ತನ್ನ ಕಥೆಯನ್ನು ತಾನೇ ಹೇಳುತ್ತದೆ.

ನಶ್ಯವೆಂದರೆ ಹೊಗೆಸೊಪ್ಪಿನ ಪುಡಿ. ಆ ಸೊಪ್ಪು ಅಮೆರಿಕಾ ಖಂಡದಿಂದ ಯುರೋಪಿನ ಹಡಗುಗಳಲ್ಲಿ ಏಷ್ಯಾಕ್ಕೆ ಬಂತು. ಪೋರ್ಚುಗೀಸರ ಗೋವೆಗೆ ಹತ್ತಿರವಿದ್ದ ನಮ್ಮ ಬಿಜಾಪುರದಲ್ಲಿ ಅದು ಬೇಗ ಬಳಕೆಗೆ ಬಂತು. ಅಕ್ಬರನ ಪ್ರತಿನಿಧಿ ಅಸದ್ ಬೇಗ್ 17ನೆಯ ಶತಮಾನದ ಆರಂಭದಲ್ಲಿ ಅಲ್ಲಿಂದಲೇ ಅದನ್ನು ಮೊಗಲ್ ದರ್ಬಾರಿಗೆ ಒಯ್ದ. ಚೀನಾದಲ್ಲೂ ಸೊಪ್ಪು ಹೀಗೆಯೇ ಹಬ್ಬಿತು. ಆದರೆ ಆಳುವವರಿಗೆ ಅದು ಹಿಡಿಸಲಿಲ್ಲ. ಮಿಂಗ್ ವಂಶದ ಕೊನೆಯ ದೊರೆ 1639ರಲ್ಲಿ ಧೂಮಪಾನವನ್ನು ನಿಷೇಧಿಸಿದ. ಮುಂದೆ ಬಂದ ಮಂಚು ಅರಸರೂ ಹೊಗೆ ಸೇದುವುದನ್ನು ಮೆಚ್ಚಲಿಲ್ಲ. ನಶ್ಯದ ವಿಷಯ ಮಾತ್ರ ಬೇರೆಯಾಯಿತು. ಅದು ಔಷಧಿಯ ಸಾಲಿನಲ್ಲಿ ಸೇರಿಕೊಂಡಿತು. ನೆಗಡಿಗೆ, ತಲೆನೋವಿಗೆ ಒಳ್ಳೆಯದೆಂದು ಜನ ನಂಬಿದರು. ಜೆಸ್ವಿಟ್ ಪಾದ್ರಿಗಳು ಅರಮನೆಗೆ ತರುತ್ತಿದ್ದ ಕಾಣಿಕೆಗಳಲ್ಲಿ ನಶ್ಯವೂ ಇರುತ್ತಿತ್ತು. 1684ರಲ್ಲಿ ಕಾಂಗ್‌ಶಿ ದೊರೆ ನಾನ್‌ಜಿಂಗ್‌ಗೆ ಹೋಗಿದ್ದಾಗ ಪಾದ್ರಿಗಳು ತಂದ ಕಾಣಿಕೆಗಳಲ್ಲಿ ಉಳಿದುದನ್ನು ಹಿಂದಿರುಗಿಸಿ ನಶ್ಯವನ್ನು ಮಾತ್ರ ಇಟ್ಟುಕೊಂಡನೆಂಬ ದಾಖಲೆ ಇದೆ. ದೊರೆ ಏರಿಸಿದ ಮೇಲೆ ದರ್ಬಾರಿನವರು ಬಿಡುವುದುಂಟೆ? ಕೆಲವೇ ದಶಕಗಳಲ್ಲಿ ಬೀಜಿಂಗ್‌ನ ಅಧಿಕಾರಿವರ್ಗಕ್ಕೆಲ್ಲ ಅದು ಅಭ್ಯಾಸವಾಯಿತು.

ಯುರೋಪಿನವರು ನಶ್ಯವನ್ನು ಮುಚ್ಚಳದ ಚಪ್ಪಟೆ ಡಬ್ಬಿಯಲ್ಲಿಡುತ್ತಿದ್ದರು. ಚೀನಾದ ತೇವದ ಹವೆಗೆ ಆ ಡಬ್ಬಿ ಒಗ್ಗಲಿಲ್ಲ. ಬಾಯಿ ಅಗಲವಾದಷ್ಟೂ ಗಾಳಿ ಒಳಗೆ ಹೋಗಿ ಪುಡಿ ಗಟ್ಟಿಯಾಗುತ್ತದೆ, ಘಮ ಹಾರುತ್ತದೆ. ಗುಳಿಗೆ, ಚೂರ್ಣ ಇಡಲು ಸಣ್ಣ ಬಾಯಿಯ ಔಷಧಿ ಸೀಸೆಗಳು ಅಲ್ಲಿ ಮೊದಲೇ ಬಳಕೆಯಲ್ಲಿದ್ದವು. ನಶ್ಯವೂ ಅದರೊಳಗೆ ಸೇರಿತು. ಸಾಮಾನ್ಯವಾಗಿ ಸೀಸೆಯ ಎತ್ತರ 5ರಿಂದ 7 ಸೆಂಟಿಮೀಟರು. ಅಂಗೈಗೆ ಹೊಂದುವಂತೆ ಮೈ ಚಪ್ಪಟೆ. ಬಾಯಿಯ ರಂಧ್ರ ಅರ್ಧ ಸೆಂಟಿಮೀಟರಿನ ಆಸುಪಾಸು. ಬಾಯಿಗೆ ಕಾರ್ಕ್ ಸುತ್ತಿದ ಬಿರಡೆ, ಅದರ ನೆತ್ತಿಗೆ ಹವಳವೋ ಜೇಡ್ ಕಲ್ಲೋ ಬಣ್ಣದ ಗಾಜೋ. ಬಿರಡೆಯ ಅಡಿಗೆ ದಂತ, ಮೂಳೆ, ಬಿದಿರು ಅಥವಾ ಲೋಹದ ಸಣ್ಣ ಚಮಚ ಅಂಟಿರುತ್ತದೆ. ಚಮಚದಲ್ಲಿ ಚೂರು ನಶ್ಯ ತೆಗೆದು ಹೆಬ್ಬೆರಳಿನ ಉಗುರಿನ ಮೇಲೋ ಪುಟ್ಟ ತಟ್ಟೆಯಲ್ಲೋ ಸುರಿದುಕೊಂಡು ಏರಿಸುತ್ತಿದ್ದರು. ಅಲ್ಲಿಯ ನಿಲುವಂಗಿಗೆ ನಮ್ಮ ಅಂಗಿಯಂಥ ಜೇಬಿರಲಿಲ್ಲ. ಹೀಗಾಗಿ ಸೀಸೆ ಸೊಂಟಕ್ಕೆ ಕಟ್ಟಿದ ಚೀಲದಲ್ಲೋ ತೋಳಿನ ಮಡಿಕೆಯಲ್ಲೋ ಇರುತ್ತಿತ್ತು. ಚೂಪು ಮೂಲೆಗಳಿಲ್ಲದ ಅದರ ಆಕಾರಕ್ಕೆ ಇದೇ ಕಾರಣ.

ಸೀಸೆಗಳನ್ನು ಪಿಂಗಾಣಿ, ಜೇಡ್, ಅಕೀಕು, ತಾಮ್ರ, ಹೀಗೆ ನೂರೆಂಟು ವಸ್ತುಗಳಲ್ಲಿ ಮಾಡಿದರು. ನನ್ನ ಮಟ್ಟಿಗೆ ಗಾಜಿನವೇ ಎಲ್ಲಕ್ಕಿಂತ ಮಿಗಿಲು. ಕಲ್ಲುಗಳಲ್ಲಿ ಕುಶಲಕರ್ಮಿಗೆ ಸಿಕ್ಕಿದ ಬಣ್ಣವೇ ಗತಿ. ಗಾಜಿನಲ್ಲಿ ಬಣ್ಣವನ್ನೂ ಅವನೇ ಹುಟ್ಟಿಸಬೇಕು.

ಅರಮನೆಯ ಗಾಜಿನ ಕಾರ್ಖಾನೆ 1696ರಲ್ಲಿ ಬೀಜಿಂಗ್‌ನಲ್ಲಿ ಆರಂಭವಾಯಿತು. ಅದನ್ನು ಕಟ್ಟುವ ಕೆಲಸವನ್ನು ಕಾಂಗ್‌ಶಿ ದೊರೆ ಕಿಲಿಯಾನ್ ಸ್ಟಂಫ್ ಎಂಬ ಜರ್ಮನ್ ಜೆಸ್ವಿಟ್‌ಗೆ ವಹಿಸಿದ. ಕುಲುಮೆಯ ಮುಂದೆ ಬೆವರು ಸುರಿಸಿದವರಲ್ಲಿ ಶಾಂಡಾಂಗ್ ಪ್ರಾಂತದ ಬೋಶಾನ್‌ನಿಂದ ಕರೆಸಿದ ಕುಶಲಕರ್ಮಿಗಳಿದ್ದರು. ಗಾಜಿನ ಕಸುಬಿಗೆ ಬೋಶಾನ್ ಅದಕ್ಕೂ ಮೂರು ಶತಮಾನ ಹಿಂದಿನಿಂದಲೇ ಹೆಸರಾದ ಊರು. ಕಲ್ಲಿದ್ದಲು, ಬೆಣಚುಕಲ್ಲು ಎರಡೂ ಹತ್ತಿರದಲ್ಲೇ ಸಿಗುತ್ತಿದ್ದವು. ಆ ಊರಿನವನೇ ಆದ ಸುನ್ ಟಿಂಗ್‌ಚುವಾನ್ 17ನೆಯ ಶತಮಾನದಲ್ಲಿ ಬರೆದ ಟಿಪ್ಪಣಿಗಳಲ್ಲಿ ಪಾಕದ ಸಾಮಗ್ರಿಗಳ ವಿವರವಿದೆ: ‘ಕುದುರೆಹಲ್ಲು’ ಎಂದು ಅವರು ಕರೆಯುತ್ತಿದ್ದ ಬಿಳಿ ಬೆಣಚು, ನೇರಳೆ ಕಲ್ಲು ಎನ್ನುತ್ತಿದ್ದ ಫ್ಲೋರೈಟ್, ಸುಣ್ಣದಂಶದ ಇನ್ನೊಂದು ಕಲ್ಲು, ಇವನ್ನು ಬೇಗ ಕರಗಿಸಲು ಪೆಟ್ಲುಪ್ಪು. ಬಣ್ಣಕ್ಕೆ ಲೋಹಗಳು ಬರುತ್ತವೆ. ಕೋಬಾಲ್ಟ್ ಹಾಕಿದರೆ ಕಡುನೀಲಿ, ತಾಮ್ರ ಹಾಕಿದರೆ ಹಸಿರು ಅಥವಾ ಆಕಾಶನೀಲಿ, ಅದೇ ತಾಮ್ರಕ್ಕೆ ಕುಲುಮೆಯಲ್ಲಿ ಗಾಳಿ ಕಡಿಮೆ ಮಾಡಿದರೆ ಕೆಂಪು. ಮಾಣಿಕ್ಯದಂಥ ಹೊಳೆಯುವ ಕೆಂಪಿಗೆ ಚಿನ್ನವೇ ಬೇಕು, ಅದೂ ಅತ್ಯಲ್ಪ ಪ್ರಮಾಣದಲ್ಲಿ.

ಆರಂಭದ ಅರಮನೆ ಗಾಜಿಗೆ ಒಂದು ಕಾಯಿಲೆ ಇತ್ತು. ಕ್ಷಾರ ಹೆಚ್ಚಾಗಿ ಸುಣ್ಣ ಕಡಿಮೆಯಾದರೆ ಗಾಜು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಕ್ಷಾರ ಹೊರಗೆ ಜಿನುಗುತ್ತದೆ, ಮೈತುಂಬ ಕೂದಲೆಳೆಯಂಥ ಬಿರುಕುಗಳ ಬಲೆ ಹರಡುತ್ತದೆ. ಅದೇ ಕಾಲದ ಯುರೋಪಿನ ಗಾಜಿಗೂ ಈ ಕಾಯಿಲೆ ಇತ್ತು. ಇಂಥ ಸೀಸೆ ಕಂಡರೆ ಒಡೆದದ್ದೆಂದು ಪಕ್ಕಕ್ಕಿಡಬೇಡಿ. ಬುಡದ ಅಕ್ಷರಗಳಿಗಿಂತ ಎಷ್ಟೋ ಪಾಲು ಗಟ್ಟಿಯಾದ ಸಾಕ್ಷಿ ಅದು. 18ನೆಯ ಶತಮಾನ ಮುಂದುವರಿದಂತೆ ಪಾಕ ಹದಕ್ಕೆ ಬಂತು, ಉತ್ಪಾದನೆಯೂ ಬೆಳೆಯಿತು. 1755ರಲ್ಲಿ ಚಿಯೆನ್‌ಲಾಂಗ್ ದೊರೆ ತನ್ನ ಬೇಸಿಗೆಯ ಅರಮನೆಯಲ್ಲಿ ಹಂಚಲೆಂದು 500 ನಶ್ಯದ ಸೀಸೆಗಳನ್ನೂ 3000 ಇತರ ಗಾಜಿನ ವಸ್ತುಗಳನ್ನೂ ಮಾಡಿಸಿದ. ದೊರೆಯ ಕೈಯಿಂದ ಸೀಸೆ ಪಡೆಯುವುದು ಆಗ ಪದವಿಗೆ ಸಮಾನವಾದ ಮರ್ಯಾದೆ.

ಇನ್ನು ಅಲಂಕಾರದ ಕೆಲಸ. ಇದರಲ್ಲಿ ಮೂರು ದಾರಿಗಳು ಮುಖ್ಯ: ಪದರ ಹೊದಿಸಿ ಕೆತ್ತುವುದು, ಮೇಲೆ ಮೀನಾ ಬಣ್ಣ ಬರೆದು ಸುಡುವುದು, ಒಳಗೆ ಕುಂಚ ಹಾಕಿ ಚಿತ್ರಿಸುವುದು.

ಪದರದ ಸೀಸೆಯಲ್ಲಿ ಮೊದಲು ಊದುಗೊಳವೆಯ ತುದಿಯಲ್ಲಿ ತಳದ ಬಣ್ಣದ ಸೀಸೆ ರೂಪುಗೊಳ್ಳುತ್ತದೆ. ಸಾಮಾನ್ಯವಾಗಿ ಅದು ಬಿಳಿ, ಇಲ್ಲವೇ ಒಳಗೆ ಸಣ್ಣ ಬಿಳಿ ಚುಕ್ಕೆ, ಗುಳ್ಳೆಗಳು ತೇಲುವ ‘ಹಿಮಪಾತ’ದ ಗಾಜು. ಅದು ಬಿಸಿಯಿರುವಾಗಲೇ, ಪಾಕದಲ್ಲಿ ಬಾದೂಷಾ ಅದ್ದಿದ ಹಾಗೆ, ಕೆಂಪೋ ನೀಲಿಯೋ ಆದ ಕರಗಿದ ಗಾಜಿನಲ್ಲಿ ಅದ್ದಿ ತೆಗೆಯುತ್ತಾರೆ. ಹಲವು ಬಣ್ಣ ಬೇಕಿದ್ದರೆ ಅದ್ದುವುದಿಲ್ಲ. ಎಲೆ ಬರುವಲ್ಲಿ ಹಸಿರು ಮುದ್ದೆ, ಹೂ ಬರುವಲ್ಲಿ ಗುಲಾಬಿ ಮುದ್ದೆ ಎಂದು ಬೇಕಾದ ಜಾಗಕ್ಕೆ ಮೆತ್ತುತ್ತಾರೆ. ಇಲ್ಲೇ ಮೊದಲ ಗಂಡಾಂತರ. ಎರಡು ಗಾಜುಗಳೂ ತಣಿಯುವಾಗ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ವ್ಯತ್ಯಾಸವಾದರೆ ಒಂದು ಇನ್ನೊಂದನ್ನು ಎಳೆದು ಸೀಸೆ ತಾನಾಗಿ ಬಿರಿಯುತ್ತದೆ. ಹಾಗಾಗಿ ಪಾಕಗಳನ್ನು ಪರಸ್ಪರ ಹೊಂದಿಸಿ, ನಿಧಾನವಾಗಿ ಆರಿಸಬೇಕು.

ಆಮೇಲೆ ಸೀಸೆ ಸಾಣೆಯವನ ಕೈಗೆ ಹೋಗುತ್ತದೆ. ಜೇಡ್ ಕೊರೆಯುವ ಅದೇ ಯಂತ್ರ: ಕಾಲಿನಿಂದ ತುಳಿದು ತಿರುಗಿಸುವ ಅಡ್ಡದಂಡ, ತುದಿಗೆ ಕಬ್ಬಿಣದ ಸಣ್ಣ ಚಕ್ರ, ಚಕ್ರಕ್ಕೆ ನೀರಿನೊಂದಿಗೆ ಕಲಸಿದ ಕುರುಂದದಂಥ ಗಟ್ಟಿ ಕಲ್ಲಿನ ಪುಡಿ. ಕಬ್ಬಿಣ ಗಾಜನ್ನು ಕಡಿಯುವುದಿಲ್ಲ; ಪುಡಿಯೇ ಕಡಿಯುವುದು. ಕೆತ್ತುವವನು ಚಕ್ರವನ್ನು ಸೀಸೆಗೆ ಒಯ್ಯುವುದಿಲ್ಲ, ಸೀಸೆಯನ್ನೇ ಚಕ್ರಕ್ಕೆ ಹಿಡಿದು ತಿರುಗಿಸುತ್ತಾನೆ. ಚಿತ್ರಕ್ಕೆ ಬೇಡದ ಮೇಲ್ಪದರವನ್ನೆಲ್ಲ ತಳದ ಬಣ್ಣ ಕಾಣುವವರೆಗೆ ಸವೆಸಿ ತೆಗೆಯಬೇಕು. ಡ್ರಾಗನ್ನಿನ ಮೈಯ ಪೊರೆ, ತಾವರೆ ಎಲೆಯ ನರ, ಬಾವಲಿಯ ರೆಕ್ಕೆ ಮೇಲೆ ಉಬ್ಬಿ ನಿಲ್ಲುತ್ತವೆ. (ನಮಗೆ ಬಾವಲಿ ಅಶುಭ, ಚೀನೀ ಭಾಷೆಯಲ್ಲಿ ಬಾವಲಿಗೂ ಭಾಗ್ಯಕ್ಕೂ ಉಚ್ಚಾರಣೆ ಒಂದೇ ಆದ್ದರಿಂದ ಅವರ ಸೀಸೆಗಳ ಮೇಲೆ ಅದು ಮತ್ತೆಮತ್ತೆ ಹಾರುತ್ತದೆ.)

ಈ ಕೆಲಸದ ಅಳತೆಗೋಲು ಚಿತ್ರವಲ್ಲ, ಚಿತ್ರದ ನಡುವಿನ ಖಾಲಿ ಜಾಗ. ತಳ ಒಂದೇ ಸಮನೆ ನುಣುಪಾಗಿರಬೇಕು. ಅಲೆ, ತಗ್ಗು, ಚಕ್ರ ಜಾರಿದ ಗೆರೆ ಇರಬಾರದು. ಚಪ್ಪಟೆ ಹಾಳೆಯನ್ನು ಸಮ ಮಾಡುವುದು ಸುಲಭ. ಬಾಗಿದ ಮೈಯಲ್ಲಿ ಹತ್ತಾರು ಎಲೆಗಳ ಸಂದಿಯಲ್ಲಿ ಚಕ್ರ ಆಡಿಸಿ ಸಮ ಮಾಡುವುದು ವರ್ಷಗಟ್ಟಲೆ ಪಳಗಿದ ಕೈಗೆ ಮಾತ್ರ ಸಾಧ್ಯ. ಒಳ್ಳೆಯ ಸೀಸೆಯಲ್ಲಿ ಉಬ್ಬಿನ ಅಂಚು ನೇರವಾಗಿ ಇಳಿಯುತ್ತದೆ, ಸಂದಿಯ ಆಳದಲ್ಲೂ ಹೊಳಪು ಕಾಣುತ್ತದೆ. 19ನೆಯ ಶತಮಾನದ ವಿದ್ವಾಂಸ, ಚಿತ್ರಕಾರ ಜಾವ್ ಜಿಚಿಯೆನ್ ನಶ್ಯದ ಬಗ್ಗೆಯೇ ಒಂದು ಗ್ರಂಥ ಬರೆದ. ಗಾಜಿನ ಕೆಲಸಕ್ಕೆ ಹೆಸರಾದ ಶಿನ್, ಲೆ, ಯುವಾನ್ ಎಂಬ ಮೂರು ಮನೆತನಗಳನ್ನು ಅದರಲ್ಲಿ ಹೆಸರಿಸಿದ್ದಾನೆ. ಆ ಮನೆತನದವರು ಸೀಸೆಗೆ ಸಹಿ ಹಾಕಲಿಲ್ಲ. ಯಾವ ಸೀಸೆ ಯಾರದೆಂದು ಇಂದು ಖಚಿತವಾಗಿ ಹೇಳಲಾಗದು, ಆದರೂ ಅವರ ಕೆಲಸ ನಮ್ಮ ಮುಂದಿದೆ ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮೀನಾ ಬಣ್ಣದ್ದು ಇನ್ನೂ ಕಷ್ಟದ ದಾರಿ. ಮೀನಾ ಎಂದರೆ ಬೇಗ ಕರಗುವ, ಬಣ್ಣದ ಗಾಜಿನ ನುಣ್ಣನೆ ಪುಡಿ. ಅದನ್ನು ಕುಂಚದಿಂದ ಬರೆದು ಸುಟ್ಟರೆ ಕರಗಿ ಮೈಗೆ ಅಂಟುತ್ತದೆ. ತಾಮ್ರದ ಮೇಲೆ, ಪಿಂಗಾಣಿಯ ಮೇಲೆ ಇದು ಸುಲಭ, ಏಕೆಂದರೆ ಆ ಬಿಸಿಗೆ ಅವು ಜಗ್ಗುವುದಿಲ್ಲ. ಗಾಜಿನ ಸೀಸೆಯ ಮೇಲೆ ಬರೆದರೆ ಬಣ್ಣ ಕರಗುವ ಬಿಸಿಗೂ ಸೀಸೆಯೇ ಮೆತ್ತಗಾಗಿ ಕುಸಿಯುವ ಬಿಸಿಗೂ ಅಂತರ ತೀರ ಕಡಿಮೆ. ಸ್ವಲ್ಪ ಹೆಚ್ಚಾದರೆ ಸೀಸೆ ಸೊಟ್ಟ, ಸ್ವಲ್ಪ ಕಡಿಮೆಯಾದರೆ ಬಣ್ಣ ಹಸಿ. ಯೊಂಗ್‌ಜೆಂಗ್ ಮತ್ತು ಚಿಯೆನ್‌ಲಾಂಗ್ ದೊರೆಗಳ ಕಾಲದಲ್ಲಿ ಅರಮನೆಯವರು ಇದನ್ನು ಸಾಧಿಸಿದರು. ಅಂಥ ಸೀಸೆಗಳು ಬಹಳ ಕಡಿಮೆ. ಹರಾಜಿನಲ್ಲಿ ಇವುಗಳ ಬೆಲೆ ಕೋಟಿ ರೂಪಾಯಿಗಳನ್ನು ದಾಟಿರುವುದೂ ಉಂಟು.

ಈ ಬಗೆಯ ಸೀಸೆಗಳ ಬುಡದಲ್ಲಿ ‘ಗು ಯುಯೆ ಶುವಾನ್’ ಎಂಬ ಅಂಕಿತ ಕಾಣುವುದುಂಟು. ಬೀಜಿಂಗ್‌ನ ಯೆ ಬೆಂಗ್‌ಚಿ ಎಂಬ ಕಲಾವಿದ 1930–40ರ ದಶಕಗಳಲ್ಲಿ ಹಳೆಯ ಅರಮನೆ ಸೀಸೆಗಳ ಮಾದರಿಯಲ್ಲಿ ಮೀನಾ ಬಣ್ಣದ ಸೀಸೆಗಳನ್ನು ಮಾಡಿದ, ಅದೇ ಅಂಕಿತ ಹಾಕಿದ. ಕೆಲಸ ಎಷ್ಟು ಉತ್ತಮವಾಗಿತ್ತೆಂದರೆ ಅವು ಬಹುಕಾಲ 18ನೆಯ ಶತಮಾನದವೆಂದೇ ಕೈಬದಲಾದವು. ಇಂದು ಅವನ ಸೀಸೆಗಳನ್ನು ಅವನ ಹೆಸರಿನಲ್ಲೇ ಸಂಗ್ರಹಿಸುತ್ತಾರೆ. ಅಂಕಿತ ನಂಬಬೇಡಿ ಎಂದು ನಾನು ಮೊದಲೇ ಹೇಳಿದ್ದು ಇದಕ್ಕೇ.

ಗಾಜಿನಿಂದ ಬೇರೆ ವಸ್ತುಗಳ ರೂಪ ತರುವುದೂ ಅವರಿಗೆ ಪ್ರಿಯವಾಗಿತ್ತು. ಜೇಡ್, ಅಂಬರ್, ಲಾಜವರ್ದಿ ಕಲ್ಲು, ಎಲ್ಲವನ್ನೂ ಗಾಜಿನಲ್ಲಿ ತಂದರು. ಇವುಗಳಲ್ಲಿ ಮನಶ್ಶಿಲೆಯ ಬಣ್ಣದ್ದು ವಿಶೇಷ. ಮನಶ್ಶಿಲೆ ಪಾಷಾಣದ ಜಾತಿಯ ವಿಷ. ಬೆಳಕಿಗೆ ಪುಡಿಪುಡಿಯಾಗುವ ಅದರಿಂದ ಸೀಸೆ ಮಾಡಿ ನಶ್ಯ ಇಡಲಾಗದು. ಅದರ ಕೆಂಪು, ಕೇಸರಿ, ಹಳದಿ ಸುಳಿಗಳನ್ನು ಗಾಜು ಅಪಾಯವಿಲ್ಲದೆ ಕೊಟ್ಟಿತು.

ಒಳಚಿತ್ರದ ಸೀಸೆ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಅಷ್ಟು ಸಣ್ಣ ಬಾಯಿಯೊಳಗೆ ಕೈ ಹೇಗೆ ಹೋಯಿತು? ಕೈ ಹೋಗುವುದಿಲ್ಲ. ತುದಿ ಬಾಗಿಸಿದ ತೆಳ್ಳನೆ ಬಿದಿರಿನ ಕಡ್ಡಿ ಹೋಗುತ್ತದೆ. ಮೊದಲು ಸೀಸೆಯ ಒಳಮೈಯನ್ನು ಒರಟಾಗಿಸಬೇಕು, ಏಕೆಂದರೆ ನುಣುಪು ಗಾಜಿನ ಮೇಲೆ ಮಸಿ ನಿಲ್ಲದೆ ಜಾರುತ್ತದೆ. ಗಟ್ಟಿ ಕಣಗಳ ಪುಡಿಯನ್ನೂ ನೀರನ್ನೂ ಒಳಗೆ ಹಾಕಿ ಬಹಳ ಹೊತ್ತು ಕುಲುಕುತ್ತಾರೆ. ಒಳಮೈ ಹಾಲಿನ ಬಣ್ಣಕ್ಕೆ ತಿರುಗಿ, ಒಳ್ಳೆಯ ಕಾಗದದಂತೆ ಮಸಿ ಹಿಡಿಯುತ್ತದೆ. ಆಮೇಲೆ ಬಾಗಿದ ತುದಿಯಿಂದ ಗೆರೆ, ಬಣ್ಣ.

ಚಿತ್ರವನ್ನು ಹೊರಗಿನಿಂದ ನೋಡುವುದರಿಂದ ಬರೆಯುವ ಕ್ರಮ ತಲೆಕೆಳಗು. ಸಾಮಾನ್ಯ ಚಿತ್ರದಲ್ಲಿ ಹಿನ್ನೆಲೆ ಮೊದಲು, ಕಣ್ಣಿನ ಹೊಳಪು ಕೊನೆಗೆ. ಇಲ್ಲಿ ಕಣ್ಣಿನ ಹೊಳಪು ಮೊದಲು, ಮುಖದ ಬಣ್ಣ ಆಮೇಲೆ, ಬೆಟ್ಟ, ಮೋಡ ಎಲ್ಲಕ್ಕಿಂತ ಕೊನೆಗೆ. ಅಕ್ಷರಗಳನ್ನೂ ಎಡಬಲ ಮಗುಚಿ ಬರೆಯಬೇಕು. ತಪ್ಪಿದರೆ ಮೇಲೆ ಇನ್ನೊಂದು ಬಣ್ಣ ಬಳಿದು ಮುಚ್ಚಲಾಗದು, ಏಕೆಂದರೆ ನೋಡುವವನಿಗೆ ಮೊದಲು ಕಾಣುವುದೇ ಆ ತಪ್ಪು. ಇದೇ ಕ್ರಮದ ಕಲೆ ನಮ್ಮಲ್ಲೂ ಇದೆ. ಗಾಜಿನ ಹಾಳೆಯ ಹಿಂಬದಿಯಲ್ಲಿ ಬರೆಯುವ ಚಿತ್ರಗಳು 18ನೆಯ ಶತಮಾನದಲ್ಲಿ ಚೀನಾದ ವ್ಯಾಪಾರದ ಜೊತೆಗೆ ಭಾರತಕ್ಕೆ ಬಂದು, ತಂಜಾವೂರು, ಮೈಸೂರುಗಳಲ್ಲಿ ನೆಲೆ ಕಂಡವು. ಹಳೆಯ ಮನೆಗಳಲ್ಲಿ ಚೌಕಟ್ಟು ಹಾಕಿಟ್ಟ ಗಾಜಿನ ಕೃಷ್ಣನ ಪಟ ನೋಡಿದವರಿಗೆ ಈ ಕೆಲಸದ ಕಷ್ಟ ಬೇಗ ಅರ್ಥವಾಗುತ್ತದೆ.

ಒಳಚಿತ್ರ ಹೇಗೆ ಹುಟ್ಟಿತೆಂಬುದಕ್ಕೆ ಒಂದು ಜನಪ್ರಿಯ ಕಥೆ ಇದೆ: ಬಡ ಅಧಿಕಾರಿಯೊಬ್ಬ ಖಾಲಿ ಸೀಸೆಯ ಗೋಡೆಗೆ ಅಂಟಿದ ನಶ್ಯವನ್ನು ಕಡ್ಡಿಯಿಂದ ಕೆರೆದಾಗ ಗೀರುಗಳು ಚಿತ್ರದಂತೆ ಕಂಡವಂತೆ. ಕೇಳಲು ಚೆನ್ನಾಗಿದೆ, ಆಧಾರವಿಲ್ಲ. ಆಧಾರವಿರುವುದು ಇಷ್ಟು: 19ನೆಯ ಶತಮಾನದ ಆರಂಭದಲ್ಲಿ ಗಾನ್ ಶುವಾನ್‌ವೆನ್ ಎಂಬಾತ ಸಹಿ ಹಾಕಿದ ಸೀಸೆಗಳಿವೆ. ಕಲೆ ಎತ್ತರಕ್ಕೇರಿದ್ದು ಆ ಶತಮಾನದ ಕೊನೆಯ ದಶಕಗಳಲ್ಲಿ, ಬೀಜಿಂಗ್‌ನ ಜೌ ಲೆಯುವಾನ್‌ನ ಬೆಟ್ಟ-ನೀರಿನ ಚಿತ್ರಗಳಲ್ಲಿ. ಅವನ ನಂತರ ಮಾ ಶಾವ್‌ಶುವಾನ್ (1867–1939) ಮುಖಚಿತ್ರಗಳಿಗೆ ಹೆಸರಾದ. ನಟ ತಾನ್ ಶಿನ್‌ಪೆಯ ಚಿತ್ರವನ್ನು ಅವನು ಬರೆದ ರೀತಿ ಛಾಯಾಚಿತ್ರವನ್ನು ನೆನಪಿಸುತ್ತದೆ. ಯೆ ಜೋಂಗ್‌ಸಾನ್ (1869–1945) ಕಥೆಗಳ ಪಾತ್ರಗಳನ್ನು ಗಾಢ ಬಣ್ಣಗಳಲ್ಲಿ ತಂದ. ಮೀನಾ ಸೀಸೆಗಳ ಯೆ ಬೆಂಗ್‌ಚಿ ಇವನ ಮಗ. ಯೆ ಮನೆತನ ಮನೆಯ ಹೊರಗಿನವರಿಗೂ ವಿದ್ಯೆ ಕಲಿಸಿತು. ಹಾಗೆ ಕಲಿತ ವಾಂಗ್ ಶಿಸಾನ್ ಹೆಬೆ ಪ್ರಾಂತದ ಹೆಂಗ್‌ಶುಯಿಯಲ್ಲಿ ಹೊಸ ಶಾಖೆಯನ್ನೇ ಬೆಳೆಸಿದರು. ಲೋಹದ ಕಡ್ಡಿಗೆ ಕುಂಚದ ಕೂದಲು ಕಟ್ಟಿ ಉಪಕರಣವನ್ನೂ ಸುಧಾರಿಸಿದರು. ಇವತ್ತು ಅಂಗಡಿಗಳಲ್ಲಿ ಕಾಣುವ ಒಳಚಿತ್ರದ ಸೀಸೆಗಳಲ್ಲಿ ಬಹುಪಾಲು ಹೊಸವು. ಹೊಸದೆಂದು ಹೇಳಿ ಮಾರಿದರೆ ಅದರಲ್ಲಿ ದೋಷವೇನಿಲ್ಲ.

ಹಾಗಾದರೆ ಕೈಗೆ ಬಂದ ಸೀಸೆಯನ್ನು ಹೇಗೆ ನೋಡಬೇಕು? ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಒಂದು ಸಣ್ಣ ಟಾರ್ಚು ಸಾಕು. ಪದರದ ಸೀಸೆಯಾದರೆ ಉಬ್ಬಿನ ಬುಡಕ್ಕೆ ಮಸೂರ ಹಿಡಿಯಿರಿ. ಚಕ್ರ ಆಡಿದ ಕಡೆ ಒಂದೇ ದಿಕ್ಕಿನ ಸೂಕ್ಷ್ಮ ಗೀರುಗಳಿರುತ್ತವೆ. ಅಂಚುಗಳು ಕರಗಿದಂತೆ ಮೊಂಡಾಗಿದ್ದರೆ ಅಚ್ಚಿನಲ್ಲಿ ಒತ್ತಿದ್ದು ಅಥವಾ ಆಮ್ಲದಿಂದ ಕೊರೆದದ್ದು ಎಂಬ ಅನುಮಾನ ಸರಿ. ಬಣ್ಣದ ಪದರ ಗಾಜೇ ಅಥವಾ ಮೇಲೆ ಬಳಿದ ಬಣ್ಣವೇ ಎಂದು ಬಾಯಿಯ ಅಂಚಿನಲ್ಲಿ, ಬುಡದ ಅಂಚಿನಲ್ಲಿ ನೋಡಿ. ಅಲ್ಲಿ ಪದರದ ದಪ್ಪ ಕಾಣುತ್ತದೆ. ಹಳೆಯ ಸೀಸೆ ದಿನವೂ ಮೇಜಿನ ಮೇಲೆ ಇಟ್ಟು ತೆಗೆದದ್ದು. ಬುಡದ ಅಂಚಿನಲ್ಲಿ ನಾನಾ ದಿಕ್ಕಿನ ಗೀರುಗಳಿರಬೇಕು. ಸುತ್ತಲೂ ಒಂದೇ ಸಮನೆ ಉಜ್ಜಿದಂತಿದ್ದರೆ ಯಾರೋ ಬೇಕೆಂದೇ ಸವೆಸಿದ್ದಾರೆ.

ಬಿರಡೆ ತೆಗೆದು ಚಮಚ ನೋಡಿ. ಅದು ಸೀಸೆಯ ತಳ ಮುಟ್ಟುವಷ್ಟು ಉದ್ದವಿದ್ದರೆ ಆ ಜೋಡಿಗೆ ಅರ್ಥವಿದೆ. ಅರ್ಧಕ್ಕೇ ನಿಂತರೆ ಬಿರಡೆ ಬೇರೆ ಸೀಸೆಯದು. ಬಿರಡೆ ಬದಲಾಗಿರುವುದು ಸಾಮಾನ್ಯ. ಅದೊಂದೇ ಕಾರಣಕ್ಕೆ ಸೀಸೆಯನ್ನು ತಳ್ಳಿಹಾಕಬೇಕಿಲ್ಲ, ಬೆಲೆ ಮಾತಾಡುವಾಗ ಗಮನದಲ್ಲಿರಲಿ. ಒಳಚಿತ್ರದಲ್ಲಿ ಸಹಿ, ಇಸವಿ ಇದ್ದರೂ ಮೊದಲು ಗೆರೆ ನೋಡಿ. ಜೌ ಲೆಯುವಾನ್‌ನ ಹೆಸರನ್ನು ಯಾರೂ ಬರೆಯಬಹುದು. ಅವನ ಬಂಡೆಯ ಮೇಲಿನ ಒಣ ಕುಂಚದ ಸ್ಪರ್ಶವನ್ನು ಎಲ್ಲರೂ ತರಲಾರರು.

ಜೋಪಾನದ ಮಾತು ಸ್ವಲ್ಪದರಲ್ಲೇ ಮುಗಿಯುತ್ತದೆ, ಆದರೆ ಎಚ್ಚರ ತಪ್ಪಿದರೆ ನಷ್ಟ ಸರಿಪಡಿಸಲಾಗದು. ಒಳಚಿತ್ರದ ಸೀಸೆಗೆ ಎಂದೂ ನೀರು ಹಾಕಬೇಡಿ. ಹಳೆಯವುಗಳ ಬಣ್ಣ ನೀರಿನಲ್ಲೇ ಕಲಸಿದ್ದು. ನೂರು ವರ್ಷದ ಚಿತ್ರ ಒಂದು ನಿಮಿಷದಲ್ಲಿ ತೊಳೆದುಹೋಗುತ್ತದೆ. ಬಿರುಕಿನ ಬಲೆ ಇರುವ ಗಾಜನ್ನೂ ಒದ್ದೆ ಮಾಡಬೇಡಿ. ಕಾರ್ಕ್ ಬಿಗಿದುಕೊಂಡಿದ್ದರೆ ತಿರುಚಿ ಎಳೆಯಬೇಡಿ. ಕತ್ತು ಮುರಿಯುವುದು ಹೀಗೆಯೇ.

ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನಮ್ಮ ದೇಶದಲ್ಲಿ ನೂರು ವರ್ಷ ದಾಟಿದ ಕಲಾವಸ್ತು ಪ್ರಾಚ್ಯವಸ್ತುವಾಗುತ್ತದೆ, ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಚಮಚ ದಂತದ್ದಾಗಿದ್ದರೆ ಇನ್ನೊಂದು ತೊಡಕು: ಭಾರತದಲ್ಲಿ ದಂತದ ವ್ಯಾಪಾರಕ್ಕೆ ನಿಷೇಧವಿದೆ, ಗಡಿ ದಾಟಿಸಲು ಹೊರಟರೆ ಅಂತರರಾಷ್ಟ್ರೀಯ ನಿಯಮಗಳೂ ಅಡ್ಡ ಬರುತ್ತವೆ. ವಿದೇಶದಲ್ಲಿರುವ ಕನ್ನಡಿಗರು ಅಲ್ಲಿ ಕೊಂಡು ಇಲ್ಲಿಗೆ ತರುವ ಮುಂಚೆಯೂ ಇದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಣ ಕೊಟ್ಟು ಕೊಳ್ಳುವ ಮೊದಲು ಕಣ್ಣು ಪಳಗಲಿ. ಬೀಜಿಂಗ್, ತೈಪೆಗಳ ಅರಮನೆ ಸಂಗ್ರಹಗಳು ದೂರ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಹತ್ತಿರವಿದೆ, ಅಲ್ಲಿಯ ಚೀನೀ ವಿಭಾಗದಲ್ಲಿ ನಶ್ಯದ ಸೀಸೆಗಳಿವೆ. ಕಲಬುರಗಿ, ಬೀದರ್ ಕಡೆಯವರಿಗೆ ಕೆಲವು ಗಂಟೆಗಳ ದಾರಿ. ಹೋದಾಗ ಫಲಕ ಓದುವ ಮುಂಚೆ ಸೀಸೆಯ ಮೇಲೆ ಉಬ್ಬಿದ ಚಿತ್ರಗಳ ನಡುವಿನ ತಳವನ್ನು ನೋಡಿ, ಅಂಚನ್ನು ನೋಡಿ, ಆಮೇಲೆ ಫಲಕಕ್ಕೆ ಬನ್ನಿ.